ಮುತ್ತು ತೆಗೆಯುವ ಹೆಂಗಸರ ಸಿನೆಮಾ ಮತ್ತು ನನ್ನ ಗಂಡ

ನನ್ನ ಗಂಡ ಮೈಲಾರಪ್ಪ ಹುಬ್ಬಳ್ಳಿಯ ಒಂದು ಟಾಕೀಜಿನಲ್ಲಿ ಆಪರೇಟರ್ ಆಗಿದ್ದರು. ಸಿನೆಮಾ ಓಡಿಸುವ ಕೆಲಸ. ಮಾತು ಕಡಿಮೆ. ಅಂಗಿಗೆ ಯಾವಾಗಲೂ ಮಷಿನ್ನಿನ ಸುಟ್ಟ ವಾಸನೆ. ಮೊನ್ನೆ ಶ್ರಾವಣದಲ್ಲಿ ತೀರಿಕೊಂಡರು.

ನಮಗೆ ಒಬ್ಬಳೇ ಮಗಳು, ಗುಡ್ಡವ್ವ. ಉಣಕಲ್ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಕಾಲು ಜಾರಿ ಮುಳುಗಿದಳು. ದಂಡೆಯಲ್ಲಿ ಇವರಿದ್ದರು. ಇವರಿಗೆ ಈಜು ಬರುತ್ತಿರಲಿಲ್ಲ. ಮೇಲೆ ಬರುತ್ತಾಳೆಂದು ಕಾದರು. ಬರಲಿಲ್ಲ.

ಮರುವರ್ಷ, ಅರವತ್ತೆರಡನೇ ಇಸವಿಯಲ್ಲಿ, ಜಪಾನಿನ ಸಿನೆಮಾ ಬಂತು. ಸಮುದ್ರಕ್ಕೆ ಇಳಿದು ಮುತ್ತು ತೆಗೆಯುವ ಹೆಂಗಸರ ಕಥೆ. ಪೋಸ್ಟರಿನಲ್ಲಿ ಒದ್ದೆ ಬಟ್ಟೆಯ ಹುಡುಗಿ. ಗಂಡಸರು ಬಾಗಿಲು ಮುರಿಯುವಂತೆ ನುಗ್ಗಿದರು. ಹೆಂಗಸರು ಆ ಬೀದಿಗೇ ಹೋಗಲಿಲ್ಲ. ನಾನು ಬುತ್ತಿ ಕೊಡಲು ಹೊರಟೆ. ನೆರೆಮನೆಯ ರೆಹಮತ್‌ಬಿ ನಕ್ಕಳು.

"ಗಂಡನ್ನ ಕಾಯಾಕ ಹೊಂಟಿಯೇನವಾ ಉಡಚವ್ವಾ?"

ಇವರು ಸಿನೆಮಾ ಓಡಿಸುವ ಕ್ಯಾಬಿನ್ನಿನ ಕಿಂಡಿಯಿಂದ ನೋಡಿದೆ. ಕೊನೆಗೆ ಒಬ್ಬ ಸಣ್ಣ ಹುಡುಗಿ ಮುಳುಗಿದಳು. ಮೇಲೆ ಬಂದು ಉಸಿರು ತೆಗೆದುಕೊಂಡಳು.

"ಛಲೋ ಆತು, ಬದುಕಿದ್ಲು," ಎಂದೆ.

"ಖರೇ ಅಂದ್ರ ಸಾಯ್ತಾಳ," ಎಂದರು ಇವರು. "ನಾ ಅದನ್ನ ಕತ್ತರಿಸೇನಿ. ಮೊದಲಿನ ರೀಲಿನ್ಯಾಗ ಆಕಿ ಮ್ಯಾಲ ಬರೂದು ಐತೆಲ್ಲಾ, ಅದನ್ನ ಇಲ್ಲಿ ಅಂಟಿಸೇನಿ."

"ಯಾರೂ ಕೇಳಲಿಲ್ಲೇನ್ರಿ?"

"ಯಾರು ಆಕಿ ಮಾರಿ ನೋಡ್ತಾರ?"

ಒಂದು ದಿನ ಮಾಲಕ ತ್ರ್ಯಂಬಕರಾಯರು ಕೂತು ನೋಡಿದರು. ದಡದಡ ಕ್ಯಾಬಿನ್ನಿಗೆ ಹತ್ತಿ ಬಂದರು.

"ಏನೋ ಮೈಲಾರಪ್ಪಾ, ಸತ್ತಾಕಿನ್ನ ಎಬ್ಬಿಸೀಯಲ್ಲೋ! ನೀ ಏನ್ ದೇವರೇನು? ಇದ್ದಂಗ ಜೋಡಸು. ಇಲ್ಲಾಂದ್ರ ನಾಳಿಂದ ಬರಬ್ಯಾಡ."

"ನನ್ನ ಕೈಲೆ ಆಗೂದಿಲ್ರಿ ಸಾಹೇಬ್ರ. ದಿನಾ ನಾನಽ ಆಕಿನ್ನ ಮುಳುಗಸಬೇಕಾಕ್ಕೈತಿ."

ಕೆಲಸ ಹೋಯಿತು. ಆಮೇಲೆ ಸಾಯುವವರೆಗೂ ಹತ್ತಿ ಗಿರಣಿಯ ಬಾಗಿಲು ಕಾದರು.

ಕೆಲಸ ಹೋದ ಮರುದಿನ ಸಂಜೆ ಇವರು ಮನೆಯಲ್ಲಿ ಇರಲಿಲ್ಲ. ಹುಡುಕುತ್ತ ಹೋದೆ. ಟಾಕೀಜಿನ ಹಿಂದಿನ ಗೋಡೆಗೆ ಕಿವಿ ಹಚ್ಚಿ ನಿಂತಿದ್ದರು. ಕತ್ತರಿಸಿದ ತುಂಡನ್ನು ರಾಯರು ಹೊಸ ಆಪರೇಟರನ ಕೈಗೆ ಕೊಟ್ಟು ಜೋಡಿಸಿದ್ದರು. ಒಳಗೆ ಸಿಳ್ಳೆ, ಕೇಕೆ. ಬಳಿಕ ಹುಡುಗಿ ಮುಳುಗುವ ಜಾಗ ಬಂತು; ಬರೀ ನೀರಿನ ಸದ್ದು.

ಇವರ ಕುತ್ತಿಗೆಯ ನರ ಬಿಗಿದಿತ್ತು. ಮುಖ ಕಪ್ಪಿಟ್ಟಿತ್ತು. ಎದೆ ಏಳುತ್ತಿರಲಿಲ್ಲ.

ರಟ್ಟೆ ಹಿಡಿದು ಎಳೆದೆ. "ಏನ್ರಿ, ಉಸಿರು ಬಿಡ್ರಿ. ಬಿಡ್ರೀ!"

ಬಾಯಿ ತೆರೆಯದೆ ತಲೆ ಅಲ್ಲಾಡಿಸಿದರು. ಅವಳು ಇನ್ನೂ ಮೇಲೆ ಬಂದಿರಲಿಲ್ಲ.