ಪಾಪದ ಹೆಸರು ಕೇಳಿದ ಅಕ್ಕೋರು

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ, ಕಪ್ಪಗೆ, ಹುಣಸೆಬೀಜದಂತಿತ್ತು. ಆ ಬೆರಳನ್ನು ಮಕ್ಕಳ ಗದ್ದದ ಕೆಳಗಿಟ್ಟು ಮುಖ ಮೇಲೆತ್ತಿಸುತ್ತಿದ್ದರು. ಮರಾಠಿ ಊರಾದ ಖಡಕಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಭಾನುವಾರದ ಶಾಲೆ ಅವರದು. ಧಾರವಾಡದ ಕಡೆಯವರಾದ ನಾವು ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು. ತುಂಟತನ ಮಾಡಿ ಸಿಕ್ಕಿಬಿದ್ದ ಮಕ್ಕಳು "ತಪ್ಪಾತ್ರಿ" ಅಂದರೆ ಅವರಿಗೆ ಸಾಲುತ್ತಿರಲಿಲ್ಲ.

"ಏನು ತಪ್ಪಾತು? ಅದರ ಹೆಸರು ಹೇಳು. ಹೆಸರಿಲ್ಲದ್ದನ್ನ ದೇವರಾದ್ರೂ ಹೆಂಗ ಮಾಫ್ ಮಾಡಬೇಕು?"

ಹಾಗಂತ ಅವರೇನೂ ಸಾಧ್ವಿಯಲ್ಲ. ಮೀಟರ್ ಹಾಕದ ರಿಕ್ಷಾದವನ ಜೊತೆ ಮರಾಠಿಯಲ್ಲಿ ಬೀದಿ ಕೇಳುವಂತೆ ಜಗಳಾಡಿ, ಇಳಿದ ಮೇಲೆ ಕನ್ನಡದಲ್ಲಿ ಅವನಿಗಾಗಿ ಪ್ರಾರ್ಥಿಸುತ್ತಿದ್ದರು. "ಕೃಪೆ ಪುಕ್ಕಟೆ ಬರ್ತದ, ಖರೆ. ಬಂದ ಮ್ಯಾಲೆ ಮನಿ ಕಸಾ ಹೊಡಿ ಅಂತದ" ಎನ್ನುವುದು ಅವರ ಮಾತು. ಚಿಕ್ಕಂದಿನಲ್ಲಿ ನಾವು ಅದನ್ನು ಅವರ ದನಿಯಲ್ಲೇ ಹೇಳಿ ನಗುತ್ತಿದ್ದೆವು.

ನನ್ನ ತಂಗಿಯನ್ನು ಧನಕವಡಿಗೆ ಕೊಟ್ಟಿದ್ದೆವು. ಅವಳ ಗಂಡ ಅವಳ ಎಡಗೈ ಮುರಿದ. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಅವಳು ಊರಿಗೆಲ್ಲ ಹೇಳಿ, ನಿಜವನ್ನು ನನಗೊಬ್ಬಳಿಗೆ ಹೇಳಿ, ನನ್ನ ಮನೆಗೆ ಬಂದು ಉಳಿದಳು. ಆಣೆ ಮುರಿದು ನಾನು ಅಕ್ಕೋರ ಮುಂದೆ ಬಾಯಿ ಬಿಟ್ಟೆ. ಬೇರೆ ಯಾರಿಗೂ ಹೇಳಕೂಡದೆಂದು ತಂಗಿ ಆಣೆ ಹಾಕಿಸಿದ್ದಳು. ಅಷ್ಟರಲ್ಲಿ ಆ ಮಹಾಶಯ ಜನರನ್ನು ಪಶ್ಚಾತ್ತಾಪಕ್ಕೆ ಕರೆಯುವ ಯಾವುದೋ ಉಜ್ಜೀವನ ಕೂಟಕ್ಕೆ ಹೋಗಿ, ಹೊಸ ಮನುಷ್ಯನಾಗಿ ಬಂದ.

ಕರ್ತನ ಭೋಜನದ ಹಿಂದಿನ ಸಂಜೆ ನಮ್ಮ ಸಭೆಯಲ್ಲಿ ಸಿದ್ಧತೆಯ ಕೂಟ ಇರುತ್ತದೆ. ಮನಸ್ತಾಪ ಇದ್ದವರು ಅಲ್ಲಿ ಎಲ್ಲರೆದುರು ಕೈಹಿಡಿದು ಸಮಾಧಾನವಾಗಬೇಕು. ಆಮೇಲೆಯೇ ಮರುದಿನ ಭೋಜನದ ರೊಟ್ಟಿ, ದ್ರಾಕ್ಷಾರಸ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು, ತನ್ನ ಪಾಪಗಳೆಲ್ಲ ತೊಳೆದುಹೋದವು ಎಂದು ಕಣ್ಣೀರಿಟ್ಟು ಸಾಕ್ಷಿ ಹೇಳಿದ. ಜನ ಆಮೆನ್ ಅಂದರು. ಸಭಾಪಾಲಕರು ತಂಗಿಯ ಕಡೆ ತಿರುಗಿದರು.

"ದೇವರೇ ಕ್ಷಮಿಸಿದ ಮ್ಯಾಲೆ ನಾವು ಯಾರವ್ವಾ? ಕೈ ಕೊಡು. ನಾಳೆ ಭೋಜನ ಮುಗಿಸಿ ನಿನ್ನ ಮನಿಗೆ ಹೋಗು."

ತಂಗಿ ಏಳತೊಡಗಿದಳು. ಅವಳು ಆ ಮನೆಗೆ ಹೋದರೆ ಜೀವಂತ ವಾಪಸು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಗ ಹೆಂಗಸರ ಸಾಲಿನಿಂದ ಅಕ್ಕೋರು ಎದ್ದರು.

"ದೇವರು ಕ್ಷಮಾ ಮಾಡ್ಯಾನಂತ, ಭಾಳ ಛಲೋ ಆತು. ಏನು ಮಾಡಿದ್ರಿ ಅಂತ ಮಾಡ್ಯಾನ? ಹೆಸರು ಹೇಳ್ರಿ."

"ಎಲ್ಲಾ ಪಾಪ ರೀ ಅಕ್ಕೋರ."

"ಎಲ್ಲಾ ಬ್ಯಾಡ. ಒಂದು ಹೇಳ್ರಿ, ಸಾಕು."

ಅವನು ಸಭಾಪಾಲಕರ ಮುಖ ನೋಡಿದ, ಹಿರಿಯರ ಮುಖ ನೋಡಿದ. ತಂಗಿಯೇ ಮಾತಾಡಿದಳು. "ನನ್ನ ಕೈ ಮುರದವರು ಇವರ್ರಿ. ನಾ ಜಾರಿ ಬಿದ್ದಿಲ್ಲ." ಆಗಲೂ ಅವನಿಗೆ ಮರ್ಯಾದೆ ಕೊಟ್ಟೇ ಮಾತಾಡಿದಳಲ್ಲ ಎಂದು ನನ್ನ ಮೈ ಉರಿಯಿತು. ಅವನು ಚಪ್ಪಲಿ ಹುಡುಕಿಕೊಂಡು ಹೊರಟುಹೋದ. ತಂಗಿ ನನ್ನ ಜೊತೆ ಮನೆಗೆ ಬಂದಳು. ಆ ದಿನ ನನಗಾದ ಸುಖ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆದರೂ ಹೊಟ್ಟೆ ತುಂಬಲಿಲ್ಲ. ಅವನು ಬೇರೆ ಸಭೆ ಸೇರಿ ಅದೇ ಸಾಕ್ಷಿಯನ್ನು ಅದೇ ಕಣ್ಣೀರಿನೊಂದಿಗೆ ಹೇಳುತ್ತಾನೆಂದು ಕೇಳಿದೆ. ಅವನ ಎರಡೂ ಕೈ ಬಿದ್ದುಹೋಗಲಿ, ಅನ್ನ ಕಲಸಿಕೊಳ್ಳಲೂ ಆಗದಿರಲಿ ಎಂದು ಹಾರೈಸುತ್ತಿದ್ದೆ. ಈಗಲೂ ಹಾರೈಸುತ್ತೇನೆ.

ಅಕ್ಕೋರು ಹಾಸಿಗೆ ಹಿಡಿದಾಗ ಗಂಜಿ ಕುಡಿಸಲು ಹೋಗುತ್ತಿದ್ದೆ. ಅವನ ಸುದ್ದಿ ಎತ್ತಿದ್ದು ಅವರೇ.

"ಅಂವ ತಿದ್ದಿಕೊಳ್ಳಬೇಕೋ, ಸಾಯಬೇಕೋ? ನಿನಗ ಯಾವುದು ಬೇಕು?"

"ಸಾಯಲಿ ರೀ."

ಬೈಯುತ್ತಾರೆಂದುಕೊಂಡೆ. ಅವರು ನಕ್ಕುಬಿಟ್ಟರು. "ಅಂವಗಿಂತ ನೀ ಛಲೋ. ನೀ ನಿನ್ನ ಪಾಪದ ಹೆಸರು ಹೇಳಿದಿ. ಇದನ್ನ ನನ್ನ ಮುಂದಲ್ಲ, ಅವನ ಮುಂದ ಹೇಳು" ಎಂದು ಕಣ್ಣಿನಿಂದಲೇ ಮೇಲೆ ತೋರಿಸಿದರು. ಆ ವಾರವೇ ಹೋಗಿಬಿಟ್ಟರು.

ಭೋಜನದ ಭಾನುವಾರ ರೊಟ್ಟಿ ಕೈಗೆ ಬರುವ ಮೊದಲು ಈಗಲೂ ಅದನ್ನೇ ಹೇಳುತ್ತೇನೆ: ಕರ್ತನೇ, ಒಬ್ಬ ಸಾಯಲಿ ಅಂತ ಬಯಸುವವಳು ನಾನು. ನನ್ನ ಪ್ರಾರ್ಥನೆಗಳಲ್ಲಿ ಸುಳ್ಳಿಲ್ಲದ್ದು ಅದೊಂದೇ. ರೊಟ್ಟಿಯಂತೂ ಪ್ರತಿ ಸಲವೂ ಬರುತ್ತದೆ, ಪುಕ್ಕಟೆ.