ನಿನ್ನ ಹನ್ನೆರಡು, ಜೀಪಿನ ಮೂವತ್ತು
ಆಲ್ದೂರಿನ ಪೇಟೆಗೆ ನೀಲಾಂಬಿಕಕ್ಕ ಬಂದರೆಂದರೆ ಅಂಗಡಿಯವರ ಕೈ ತಾನಾಗಿ ರಿಮೋಟಿನ ಕಡೆ ಹೋಗುತ್ತದೆ. ಮೊಬೈಲಿನಲ್ಲಿ ಶಬ್ದ ಅಳೆಯುವ ಆ್ಯಪ್ ತೆರೆದು, ಜ್ವರ ನೋಡುವ ನರ್ಸಮ್ಮನಂತೆ ಅವರು ಹೋಟೆಲಿನ ಟಿ.ವಿ., ಜೀಪಿನ ಸ್ಟೀರಿಯೊ, ಮೀನಿನ ವ್ಯಾನಿನ ಮೈಕು ಎಲ್ಲದರ ಮುಂದೆಯೂ ನಿಲ್ಲುತ್ತಾರೆ. "ವಾಲ್ಯೂಮ್ ಹನ್ನೆರಡರಲ್ಲೇ ಇಟ್ಟಿದೀನಿ ಅಕ್ಕಾ," ಎಂದು ಹೋಟೆಲಿನ ಕಲ್ಲೇಶ ಗೊಣಗಿದರೂ ಬಿಡುವವರಲ್ಲ. "ನಿನ್ನ ಟಿ.ವಿ. ಹನ್ನೆರಡೂ ಜೀಪಿನ ಮೂವತ್ತೂ ಒಂದೇ ಮಾರಾಯ, ಎರಡೂ ಎಂಬತ್ತು ಡೆಸಿಬೆಲ್. ಕಂಪನಿಯವ್ರು ಬರೆದ ನಂಬರ್ ನಂಬ್ಕೊಂಡು ನಮ್ಮ ಕಿವಿ ಒಡೀಬೇಡ." ಮೊಬೈಲಿನ ಅಳತೆ ಸರಿಯಿರಲ್ಲ ಎಂದವರಿಗೆ, "ನಿಮ್ದೂ ತೆಗೀರಿ, ಪಕ್ಕದಲ್ಲಿಟ್ಟು ನೋಡಾಣ," ಎನ್ನುತ್ತಾರೆ. ತಮ್ಮ ಮಿಕ್ಸಿಯ ಕೆಳಗೂ ಕಂಬಳಿ ಮಡಿಸಿ ಹಾಕಿ ಚಟ್ನಿ ರುಬ್ಬುವ ಹೆಂಗಸು. ಇವರಿಗೆ ಸದ್ದೆಂದರೇ ಆಗದು ಎಂದು ನಾನೂ ನಗುತ್ತಿದ್ದೆ. ಮೊನ್ನೆ ಗೃಹಪ್ರವೇಶಕ್ಕೆ ಕರೆಯಲು ಅವರ ಮನೆಗೆ ಹೋದೆ. ಗಂಟಲಿನ ಆಪರೇಷನ್ ಆದ ಮೇಲೆ ಅವರ ಯಜಮಾನರಾದ ಜಯದೇವಪ್ಪನವರ ದನಿ ಉಸಿರಿನಷ್ಟೇ ಉಳಿದಿದೆ. ಅವರು ಹೆಂಡತಿಗೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಹೋಂಸ್ಟೇಯವರು ಸ್ಪೀಕರ್ ಹಾಕಿದರು. "ಏನಂದ್ರಿ?" ಎಂದು ಅಕ್ಕ ಬಾಗಿ ಅವರ ತುಟಿಯ ಹತ್ತಿರ ಕಿವಿಯಿಟ್ಟರು. ಅವರು ಮತ್ತೆ ಹೇಳಿದರು. "ಕೇಳ್ಳಿಲ್ಲ ಕಣ್ರೀ." ಬೇಡ ಬಿಡು ಎಂಬಂತೆ ಕೈಯಾಡಿಸಿ ಅವರು ಗೋಡೆಯತ್ತ ತಿರುಗಿಕೊಂಡರು. ನಾನು ಚಪ್ಪಲಿಯನ್ನೂ ಮೆಟ್ಟದೆ ಬೇಲಿ ದಾಟಿ ಹೋಗಿ ಆ ಸ್ಪೀಕರಿನ ವೈರನ್ನು ಕಿತ್ತೆಸೆದೆ.