ಮೇಲ್ಗದ್ದೆ, ಕೆಳಗದ್ದೆ

ಪಾಂಡವಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದ ದೇವರಾಜು ನಾಲೆ ಬಯಲಿನಲ್ಲಿ ಬೆಳೆದವನು. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿ, ಕಾಲಿನ ಕೆಸರು ತೊಳೆದುಕೊಂಡೇ ಕೋಣೆಗೆ ಬರುತ್ತಿದ್ದ. ಹೊಸದಾಗಿ ಸೇರಿದ ಪವಿತ್ರಳಿಗೆ ಕೆಲಸ ಕಲಿಸುವಾಗ ಅವನಿಗೆ ಬೇರೆ ಮಾತು ಸಿಗಲಿಲ್ಲ.

"ನೋಡವ್ವ, ಇಲ್ಲಿರೋ ಡಿಸ್ಕು ಮೇಲ್ಗದ್ದೆ. ಕೆ.ಆರ್.ಪೇಟೆ ಬ್ರಾಂಚಲ್ಲಿರೋದು ಕೆಳಗದ್ದೆ. ಇಲ್ಲಿ ಏನು ಬರುದ್ರೂ ಅಲ್ಲಿಗೆ ಅರೀತದೆ. ಎರಡೂ ಜೋಡಿ. ಒಂದು ಒಣಗುದ್ರೆ ಇನ್ನೊಂದು ಇರ್ತದೆ."

"ಅಂಗಾದ್ರೆ ನಾನು ನೀರು ಕಾಯೋಳು ಅನ್ನಿ," ಎಂದು ಪವಿತ್ರ ನಕ್ಕಿದ್ದಳು. "ನಮ್ಮೂರಲ್ಲಿ ಹೆಣ್ಮಕ್ಳಿಗೆ ಈ ಕೆಲ್ಸ ಕೊಡಾಕಿಲ್ಲ ಕಣಣ್ಣ."

ಮಾತು ರೂಢಿಯಾಯಿತು. ಪರದೆ ನಿಧಾನವಾದರೆ ಕೆ.ಆರ್.ಪೇಟೆಯ ನರ್ಸುಗಳೂ "ಮೇಲ್ಗದ್ದೇಲಿ ಯಾರ್ಲಾ ನೀರು ಕಟ್ಕಂಡಿರೋರು?" ಎಂದು ಫೋನು ಮಾಡಿ ರೇಗಿಸುತ್ತಿದ್ದರು. ಆಸ್ಪತ್ರೆಯಲ್ಲಿ ಕಾಗದದ ಬಳಕೆ ನಿಂತುಹೋಗಿತ್ತು. ಯಾರಿಗೆ ಯಾವ ಔಷಧಿ, ಯಾರಿಗೆ ಯಾವುದು ಒಗ್ಗುವುದಿಲ್ಲ, ಎಲ್ಲವೂ ಆ ಜೋಡಿಯಲ್ಲೇ ಇತ್ತು.

ಒಂದು ಸೋಮವಾರ ಪಾಂಡವಪುರದ ಕೋಣೆಯ ಏಸಿ ಕೆಟ್ಟು, ಕಾವು ಹೆಚ್ಚಿ ಡಿಸ್ಕು ನಿಂತಿತು. ದೇವರಾಜು ಜೋಡಿಯನ್ನು ಬಿಡಿಸಿ ಕೆಲಸವನ್ನೆಲ್ಲ ಕೆ.ಆರ್.ಪೇಟೆಯ ಡಿಸ್ಕಿಗೆ ತಿರುಗಿಸಿದ. ಮುಂದಿನ ಎರಡು ದಿನ ಎರಡೂ ಕಡೆಯ ವೈದ್ಯರು ಬರೆದದ್ದೆಲ್ಲ ಅಲ್ಲೇ ಸೇರಿತು. ದಿನವೂ ಬೇರೊಂದು ನಕಲು ತೆಗೆದಿಡುವ ಯಂತ್ರ ಪಾಂಡವಪುರದ ಅದೇ ಕೋಣೆಯಲ್ಲಿತ್ತು. ಅದೂ ಸುಮ್ಮನಾಗಿತ್ತು.

ಬುಧವಾರ ದೇವರಾಜು ನಾಗಮಂಗಲದಲ್ಲಿ ನಾದಿನಿಯ ಮನೆಯ ಗೃಹಪ್ರವೇಶದಲ್ಲಿದ್ದಾಗ ಪವಿತ್ರಳ ಫೋನು ಬಂತು.

"ಅಣ್ಣ, ಇಲ್ಲಿನ ಡಿಸ್ಕು ರಿಪೇರಿ ಆಯ್ತು. ಜೋಡಿ ಸೇರಿಸ್ಲಾ?"

ಪಕ್ಕದಲ್ಲಿ ಯಾರೋ ಫೋಟೋಕ್ಕೆ ಕರೆಯುತ್ತಿದ್ದರು. "ಸೇರ್ಸವ್ವ. ಮೇಲ್ಗದ್ದೆಯಿಂದ ಕೆಳಗದ್ದೆಗೆ ಬುಡು, ಅಷ್ಟೇಯ."

ಅವನ ಲೆಕ್ಕದಲ್ಲಿ ಈಗ ಮೇಲ್ಗದ್ದೆ ಎಂದರೆ ಕೆ.ಆರ್.ಪೇಟೆ. ನೀರು ಎಲ್ಲಿ ತುಂಬಿದೆಯೋ ಅದೇ ಮೇಲು. ಆದರೆ ಗದ್ದೆ ಜಾಗ ಬದಲಿಸಿದ್ದನ್ನು ಯಾರು ಕಂಡಿದ್ದಾರೆ? ಪವಿತ್ರಳಿಗೆ ಮೇಲ್ಗದ್ದೆ ಅವನೇ ತೋರಿಸಿಕೊಟ್ಟ ಪಾಂಡವಪುರ. ಸ್ವಲ್ಪ ಹೊತ್ತು ಪರದೆ ಮುಟ್ಟಬೇಡಿ ಎಂದು ವಾರ್ಡುಗಳಿಗೆ ತಿಳಿಸಿ, ಕಲಿತಂತೆಯೇ ಗುಂಡಿ ಒತ್ತಿದಳು.

ಊಟಕ್ಕೆ ಕೂರುವ ಮೊದಲು ದೇವರಾಜುವೇ ಫೋನು ಮಾಡಿದ. "ಎಲ್ಲೀಗಂಟ ಬಂತವ್ವ?"

"ಮುಗೀತಣ್ಣ. ಕೆ.ಆರ್.ಪೇಟೆ ಪೂರ್ತಿ ತುಂಬ್ಕತು. ಶುರು ಮಾಡ್ಕಳಿ ಅಂತ ವಾರ್ಡಿಗೂ ಹೇಳ್ಬುಟ್ಟೆ."

ಅವನು ಚಪ್ಪರದಿಂದ ಆಚೆ ಬಂದ. "ಯಾವ್ದು ತುಂಬ್ಕತು?"

ಪವಿತ್ರಳ ದನಿ ಸಣ್ಣದಾಯಿತು. "ನೀವು ಹೇಳಿದ್ದು ಅಂಗೇ ಅಲ್ವಾ ಅಣ್ಣ?"

ಬೇರ್ಪಟ್ಟ ಜೋಡಿಯನ್ನು ಸೇರಿಸುವಾಗ ಯಂತ್ರ ಎಲ್ಲವನ್ನೂ ಮತ್ತೆ ಬರೆಯುವುದಿಲ್ಲ. ಎಲ್ಲೆಲ್ಲಿ ವ್ಯತ್ಯಾಸವಿದೆಯೋ ಅದನ್ನಷ್ಟೇ ಹುಡುಕಿ ಹುಡುಕಿ ಅಳಿಸಿ, ನೀರು ಬಿಟ್ಟ ಕಡೆ ಇದ್ದಂತೆಯೇ ಮಾಡುತ್ತದೆ. ಆ ಎರಡು ದಿನಗಳನ್ನು ಅದು ಒಂದೂ ಬಿಡದೆ ಹೆಕ್ಕಿ ತೆಗೆದಿತ್ತು. ಪರದೆ ಖಾಲಿಯಾಗಿದ್ದರೆ ಯಾರಾದರೂ ಕೂಗಿಕೊಳ್ಳುತ್ತಿದ್ದರು. ಪರದೆ ತುಂಬಿತ್ತು. ಹೆಸರು, ಹಾಸಿಗೆ, ಔಷಧಿ ಎಲ್ಲ ಅಚ್ಚುಕಟ್ಟಾಗಿ ಇದ್ದವು, ಸೋಮವಾರ ಇದ್ದ ಹಾಗೆ.

ಪಾಂಡವಪುರದ ವಾರ್ಡುಗಳನ್ನು ತಡೆಯಲು ಪವಿತ್ರಳಿಗೆ ಹೇಳಿ, ಅವನು ಕೆ.ಆರ್.ಪೇಟೆಯ ನರ್ಸ್ ಜಯಲಕ್ಷ್ಮಮ್ಮನಿಗೆ ಫೋನು ಹಚ್ಚಿದ. "ಪರದೆ ನೋಡಿ ಯಾರ್ಗೂ ಏನೂ ಕೊಡ್ಬೇಡಿ. ಅದು ಸೋಮವಾರದ್ದು."

"ಎಲ್ಲಾ ಸರ್ಯಾಗೇ ಐತಲ್ಲಪ್ಪ," ಎಂದ ಜಯಲಕ್ಷ್ಮಮ್ಮನ ದನಿ ತಟ್ಟನೆ ಇಳಿಯಿತು. "ಇಲ್ಲೊಬ್ಬಳು ಅಜ್ಜಿ ಅವ್ಳೆ, ಸಿದ್ದಲಿಂಗಮ್ಮ ಅಂತ. ಈ ಇಂಜೆಕ್ಷನ್ ಬ್ಯಾಡ, ನೆನ್ನೆ ಮೈಯೆಲ್ಲ ಊದ್ಕಂಡಿತ್ತು, ಡಾಕ್ಟ್ರೇ ನಿಲ್ಸವ್ರೆ ಅಂದ್ಲು. ಪರದೇಲಿ ಅಂಗೇನೂ ಇರ್ನಿಲ್ಲ. ನಾನು ರಜಾ ಮುಗಿಸ್ಕಂಡು ಇವತ್ತು ಬಂದೋಳು. ಸೂಜಿಗೆ ಎದ್ರುಕೊಂಡು ಆಟ ಕಟ್ತಾವ್ಳೆ ಅಂದ್ಕಂಡೆ."

"ಕೊಟ್ರಾ?"

"ಈಗ್ತಾನೆ."

"ಡಾಕ್ಟ್ರನ್ನ ಕರೀರಿ. ಓಡಿ."

ಉಂಡು ಹೋಗೆಂದು ಕೂಗಿದವರಿಗೆ ಉತ್ತರಿಸದೆ ಅವನು ಬೈಕು ಹತ್ತಿದ. ದಾರಿಯುದ್ದಕ್ಕೂ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ನಿಲ್ಲಿಸಿ ತೆಗೆಯಲು ಅವನಿಗೆ ಧೈರ್ಯ ಬರಲಿಲ್ಲ.

ಕೆ.ಆರ್.ಪೇಟೆಯ ವಾರ್ಡಿನಲ್ಲಿ ವೈದ್ಯರು ಒಂದೊಂದೇ ಹಾಸಿಗೆಯ ಬಳಿ ನಿಂತು, ಎರಡು ದಿನದಲ್ಲಿ ಏನೇನು ಕೊಟ್ಟಿದ್ದರೆಂದು ರೋಗಿಗಳನ್ನೇ ಕೇಳುತ್ತಿದ್ದರು. ನೆನಪಿದ್ದವರು ಹೇಳಿದರು. ಕೆಲವರು ಬಿಳಿ ಮಾತ್ರೆ ಎಂದರು, ಕೆಲವರು ಸುಮ್ಮನೆ ನೋಡಿದರು. ಸಿದ್ದಲಿಂಗಮ್ಮ ಒಳಕೋಣೆಯಲ್ಲಿದ್ದಳು. ಬಾಯಿಗೆ ಕೊಳವೆ ಹಾಕಿದ್ದರು. ಎದೆ ಯಂತ್ರದ ಗತಿಗೆ ಏರಿ ಇಳಿಯುತ್ತಿತ್ತು.

ಬಾಗಿಲ ಬಳಿ ಅವಳ ಮಗ ಅಂದಾನಯ್ಯ ನಿಂತಿದ್ದ. ದೇವರಾಜುವಿನ ಕತ್ತಿನಲ್ಲಿದ್ದ ಆಸ್ಪತ್ರೆಯ ಕಾರ್ಡು ನೋಡಿ ಹತ್ತಿರ ಬಂದ.

"ಡಾಕ್ಟ್ರಾ ನೀವು? ಅವ್ವುಂಗೆ ಏನಾಯ್ತು ಅಂತ ಯಾರೂ ಬಾಯಿ ಬುಡ್ತಿಲ್ಲ. ವಯಸ್ಸಾಗೈತೆ ಅಂತವ್ರೆ. ಬೆಳಿಗ್ಗೆ ನನ್ ಕೂಡೆ ಜಗಳ ಆಡವ್ಳೆ ಸಾ, ಕಾಪಿಗೆ ಸಕ್ಕರೆ ಕಮ್ಮಿ ಆಯ್ತು ಅಂತ."

ಹಿಂದೆ ಜಯಲಕ್ಷ್ಮಮ್ಮ ಬೇಡವೆಂಬಂತೆ ತಲೆಯಾಡಿಸಿದರು. ದೇವರಾಜು ನೋಡಿದ. ನೋಡಿಯೂ ಹೇಳಿದ.

"ಡಾಕ್ಟ್ರಲ್ಲ ನಾನು. ಈ ಸೂಜಿ ಬ್ಯಾಡ ಅಂತ ನಿಮ್ಮವ್ವ ಹೇಳಿದ್ರು. ಅವ್ರು ಹೇಳಿದ್ದೇ ಸರಿ. ಪರದೇಲಿ ಅದು ಇಲ್ದಂಗೆ ಆಗಿದ್ದು ನನ್ನಿಂದ."

ಅಂದಾನಯ್ಯನಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾಗುವವರೆಗೂ ದೇವರಾಜು ಅಲ್ಲೇ ನಿಂತಿದ್ದ.